ಚಿಟ್ಟೆ ತೋಟಕ್ಕೆ ಎಕ್ಕದ ಬಳಗ: ಕಡೂರು ರಸ್ತೆಯ ಒಂದು ನರ್ಸರಿಯ ಬಗ್ಗೆ

ಹೂವಿನ ಗಿಡ ನೆಟ್ಟರೆ ಚಿಟ್ಟೆ ಬರುತ್ತದೆ, ನಿಜ. ಆದರೆ ಅದು ಅಲ್ಲಿಯೇ ನೆಲೆಸಿ ಮರಿ ಮಾಡಬೇಕಾದರೆ ಮರಿಹುಳು ಮೇಯುವ ಎಲೆಯೂ ಅದೇ ತೋಟದಲ್ಲಿ ಇರಬೇಕು. ಚಿಕ್ಕಮಗಳೂರಿನಿಂದ ಕಡೂರಿಗೆ ಹೋಗುವ ರಸ್ತೆಯ ಈ ಸಣ್ಣ ನರ್ಸರಿಯವರು ಇದನ್ನು ಚೆನ್ನಾಗಿ ಅರಿತವರು. ಮಿಲ್ಕ್‌ವೀಡ್ ಎಂದು ಈಚೆಗೆ ಎಲ್ಲರೂ ಕೇಳಿಕೊಂಡು ಬರುವ, ಎಲೆ ಮುರಿದರೆ ಹಾಲು ಒಸರುವ ಎಕ್ಕದ ಬಳಗದ ನಮ್ಮ ನೆಲದ ಗಿಡಗಳನ್ನು ಔಷಧಿ ಹೊಡೆಯದೆ ಬೆಳೆಸಿ, ಒಂದೇ ಕಡೆ ಮಾರುವ ಇನ್ನೊಂದು ಜಾಗವನ್ನು ಈ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಇದಕ್ಕೆ ಮೊದಲು ನಾನು ಹೋಗಿದ್ದ ಬೇರೊಂದು ನರ್ಸರಿಯಲ್ಲಿ ಕೆಂಪು-ಹಳದಿ ಹೂಗೊಂಚಲಿನ ಗಿಡವೊಂದಕ್ಕೆ ‘ನಾಟಿ ಮಿಲ್ಕ್‌ವೀಡ್’ ಎಂಬ ಚೀಟಿ ಅಂಟಿಸಿದ್ದರು. ಅದು ಅಸ್ಕ್ಲೆಪಿಯಸ್ ಕ್ಯುರಸ್ಸಾವಿಕಾ. ಅದರ ಮೂಲ ಅಮೆರಿಕ ಖಂಡದ ಉಷ್ಣವಲಯವೇ ಹೊರತು ನಮ್ಮ ನಾಡಲ್ಲ. ಪ್ಲೇನ್ ಟೈಗರ್ ಚಿಟ್ಟೆ ಅದರ ಮೇಲೂ ಮೊಟ್ಟೆ ಇಡುತ್ತದೆ, ಆದ್ದರಿಂದ ಆ ಗಿಡ ನಿರುಪಯೋಗಿ ಎನ್ನಲಾಗದು. ಆದರೆ ರೇಷ್ಮೆಯಂತಹ ಕೂದಲು ಹೊತ್ತ ಅದರ ಬೀಜ ಗಾಳಿಯಲ್ಲಿ ಹಾರಿ ಹಳ್ಳದ ದಂಡೆ, ತೋಟದ ಬದುಗಳಲ್ಲೆಲ್ಲ ತಾನಾಗಿ ಹಬ್ಬುತ್ತದೆ. ಅದೇ ಕೆಲಸಕ್ಕೆ ಇಲ್ಲಿಯದೇ ಗಿಡ ಇರುವಾಗ ಹೊರಗಿನದನ್ನು ನಾಟಿ ಎಂದು ಹೇಳಿ ಮಾರುವುದು ಸರಿಯಲ್ಲ. ಕಡೂರು ರಸ್ತೆಯ ನರ್ಸರಿಯವರು ಅದನ್ನು ಇಟ್ಟುಕೊಂಡಿಲ್ಲ. ಕೇಳಿದವರಿಗೆ ಕಾರಣವನ್ನು ತಾಳ್ಮೆಯಿಂದ ವಿವರಿಸಿ, ಎಕ್ಕದ ಸಾಲಿನ ಕಡೆಗೆ ಕರೆದುಕೊಂಡು ಹೋಗುತ್ತಾರೆ.

ಆ ಸಾಲನ್ನು ನಿಧಾನವಾಗಿ ನೋಡಬೇಕು. ತಾಯಿಗಿಡವಾಗಿ ಬಿಟ್ಟಿರುವ ದೊಡ್ಡ ಎಕ್ಕಗಳ ಎಲೆಗಳು ಅಲ್ಲಲ್ಲಿ ತೂತು ಬಿದ್ದಿರುತ್ತವೆ. ಬೇರೆ ಕಡೆ ಇಂತಹ ಎಲೆಯನ್ನು ಕಿತ್ತು ಬಿಸಾಡುತ್ತಾರೆ. ಇಲ್ಲಿ ಅದನ್ನೇ ಗಿರಾಕಿಗಳಿಗೆ ತಿರುಗಿಸಿ ತೋರಿಸುತ್ತಾರೆ. ಎಲೆಯ ಅಡಿಯಲ್ಲಿ ಪ್ಲೇನ್ ಟೈಗರ್ ಒಂಟಿಯಾಗಿ ಇಟ್ಟ ಬಿಳಿ ಮೊಟ್ಟೆ, ಕಪ್ಪು, ಬಿಳಿ, ಹಳದಿ ಪಟ್ಟೆಗಳ ಮರಿಹುಳು, ಅದರ ಮೈಮೇಲೆ ಮೂರು ಜೊತೆ ಕಪ್ಪು ಎಳೆಗಳು. ಒಂದು ಹುಳು ಮೇಯುವ ಮೊದಲು ಎಲೆಯ ನರವನ್ನು ಕಚ್ಚಿ ಕತ್ತರಿಸಿತು. ಕಡಿದ ಜಾಗದಲ್ಲಿ ಹಾಲು ಹನಿಯಾಗಿ ನಿಂತಿತು, ಬಳಿಕ ಹಾಲಿನ ಒತ್ತಡ ಇಳಿದ ಆಚೆಯ ಭಾಗವನ್ನು ಅದು ನಿಶ್ಚಿಂತೆಯಿಂದ ತಿನ್ನತೊಡಗಿತು. ಆ ಹಾಲಿನಲ್ಲಿರುವ ವಿಷ ಹುಳುವಿನ ಮೈಯಲ್ಲಿ ಉಳಿದು ಚಿಟ್ಟೆಗೂ ದಾಟುವುದರಿಂದ ಹಕ್ಕಿಗಳು ಪ್ಲೇನ್ ಟೈಗರನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು ಇದೇ ಬಣ್ಣವನ್ನು ಅನುಕರಿಸಿ ಬದುಕಿಕೊಳ್ಳುತ್ತದೆ, ಅದರ ಮರಿಹುಳು ಮೇಯುವುದು ನಾವು ಸಾರು ಮಾಡುವ ಗೋಣಿ ಸೊಪ್ಪನ್ನು.

ಎಕ್ಕದ ಹೂವೂ ಬರಿಯ ಪೂಜೆಯ ಹೂವಲ್ಲ. ನಡುವಿನ ಐದು ಮೂಲೆಯ ಕಿರೀಟದಲ್ಲಿ ಪರಾಗ ಪುಡಿಯಾಗಿರದೆ ಜೋಡಿ ಚೀಲಗಳಾಗಿ ಅಡಗಿರುತ್ತದೆ. ಒಣಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ ಮಕರಂದಕ್ಕೆ ಬಂದಾಗ ಆ ಚೀಲ ಅದರ ಮೈಗೆ ಸಿಕ್ಕಿಕೊಂಡು ಇನ್ನೊಂದು ಹೂವಿಗೆ ಸಾಗುತ್ತದೆ. ಆದ್ದರಿಂದ ಎಕ್ಕ ನೆಡುವವರು ತೋಟದ ಮೂಲೆಯಲ್ಲಿ ಒಂದೆರಡು ಒಣ ಕೊಂಬೆಗಳನ್ನು ಹಾಗೆಯೇ ಬಿಡಿ ಎಂದು ನರ್ಸರಿಯವರು ಕೊಡುವ ಸಲಹೆ ನನಗೆ ತುಂಬ ಮೆಚ್ಚುಗೆಯಾಯಿತು.

ಅವರ ಪ್ರಾಮಾಣಿಕತೆಗೂ ಒಂದು ಮಾತು ಸಲ್ಲಬೇಕು. ನಾಲ್ಕೈದು ಎಕ್ಕದ ಸಸಿ ಕೇಳಿದ ನನಗೆ ಅಲ್ಲಿನ ಅಮ್ಮ, ‘ಬಯಲುಸೀಮೆ ಕಡೆ ರಸ್ತೆ ಬದಿಯಲ್ಲೇ ಬೇಕಾದಷ್ಟು ಬೆಳೆಯುತ್ತೆ ಸರ್, ಒಡೆದ ಕಾಯಿಯ ಬೀಜ ತಂದು ಹಾಕಿಕೊಳ್ಳಿ, ದುಡ್ಡು ಬಳ್ಳಿಗೆ ಕೊಡಿ’ ಎಂದರು. ಮೂಡಿಗೆರೆ, ಕೊಪ್ಪದಂತಹ ಮಳೆ ಸುರಿಯುವ ಕಡೆಯವರಾದರೆ ಎಕ್ಕವನ್ನು ನೀರು ನಿಲ್ಲದ ದಿಬ್ಬದಲ್ಲಿ, ಪೂರ್ತಿ ಬಿಸಿಲಿಗೆ ನೆಡಬೇಕೆಂದೂ, ಇಲ್ಲವಾದರೆ ಬೇರು ಕೊಳೆಯುತ್ತದೆಂದೂ ಮೊದಲೇ ಎಚ್ಚರಿಸುತ್ತಾರೆ.

ದುಡ್ಡು ಕೊಟ್ಟು ತರಬೇಕಾದದ್ದು ನಿಜಕ್ಕೂ ಬಳ್ಳಿಗಳನ್ನೇ. ಮರಿಹುಳು ಮೇಯಲು ಸ್ಟ್ರೈಪ್ಡ್ ಟೈಗರ್ ಚಿಟ್ಟೆಗೆ ಆಡುಮುಟ್ಟದ ಬಳ್ಳಿ, ಕಾಮನ್ ಕ್ರೋ ಚಿಟ್ಟೆಗೆ ಸೊಗದೆ ಬಳ್ಳಿ, ಬ್ಲೂ ಟೈಗರ್ ಮತ್ತು ಡಾರ್ಕ್ ಬ್ಲೂ ಟೈಗರ್‌ಗೆ ವಟ್ಟಕಾಕ ಎಂಬ ದೊಡ್ಡ ಬಳ್ಳಿ. ಮುಂಗಾರಿಗೆ ಮೊದಲು ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿನ ಕಡೆಗೆ ಹಿಂಡುಹಿಂಡಾಗಿ ಸಾಗುವ ಚಿಟ್ಟೆಗಳಲ್ಲಿ ಈ ನೀಲಿ ಜೋಡಿಯೇ ಮುಖ್ಯ. ಮಲೆನಾಡಿಗೂ ಬಯಲುಸೀಮೆಗೂ ನಡುವೆ ಇರುವ ನಮ್ಮ ಊರುಗಳವರು ಬೇಲಿಯ ಮೇಲೆ ಒಂದು ವಟ್ಟಕಾಕ ಹಬ್ಬಿಸಿದರೆ ಅದು ನಿಜವಾದ ಉಪಕಾರ. ಕಾಫಿ ತೋಟದ ಅಂಚಿನ ಬೇಲಿಗಳನ್ನು ಸವರಿ ಚೊಕ್ಕಟ ಮಾಡುವ ಭರದಲ್ಲಿ ಇಂತಹ ಬಳ್ಳಿಗಳೇ ಮೊದಲು ಕತ್ತಿಗೆ ಸಿಗುತ್ತವೆ ಎಂಬುದು ನನ್ನ ಬಹುದಿನದ ಕೊರಗು.

ಗಂಡು ಚಿಟ್ಟೆಗಳಿಗೆ ಬೇಕಾದ ಗಿಲಿಗಿಲಿ ಗಿಡವೂ ಇಲ್ಲಿದೆ. ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬಿನ ಕುಲದ್ದೇ ಆದ ಈ ಕ್ರೋಟಲೇರಿಯಾದ ಒಣಗಿದ ಭಾಗಗಳನ್ನು ಗೀರಿ ಗಂಡು ಟೈಗರ್‌ಗಳು ರಸ ಹೀರುತ್ತವೆ. ಹೆಣ್ಣನ್ನು ಸೆಳೆಯುವ ಗಂಧ ತಯಾರಾಗುವುದು ಅದರಿಂದಲೇ. ಸೆಣಬು ಬಿತ್ತುವ ರೈತರು ಬದುವಿನಲ್ಲಿ ನಾಲ್ಕು ಗಿಡವನ್ನು ಉಳುಮೆ ಮಾಡದೆ ಬಿಟ್ಟರೂ ಸಾಕು.

ಕೊರತೆಗಳೂ ಇವೆ. ಚೀಟಿಗಳಲ್ಲಿ ಹೆಸರು ಬಿಟ್ಟರೆ ಬೇರೇನೂ ಇಲ್ಲ. ವಟ್ಟಕಾಕ ಮರವನ್ನೇ ಏರುವಷ್ಟು ಬೆಳೆಯುತ್ತದೆ ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದೂ ಇರಬೇಕು. ಬಳ್ಳಿಗೆ 60 ರೂಪಾಯಿ, ಎಕ್ಕಕ್ಕೆ 30 ರೂಪಾಯಿ ಎಂಬ ಬೆಲೆಗೆ ತಕರಾರಿಲ್ಲ, ಆದರೆ ಸೊಗದೆ ಸಸಿಗಳು ತೀರ ಎಳೆಯವಾಗಿದ್ದವು, ಒಂದು ಹುಳು ಬಂದರೂ ಬೋಳಾಗುವಷ್ಟು. ಎಲ್ಲಕ್ಕಿಂತ ಮುಖ್ಯವಾಗಿ, ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯವಿದೆ ಎಂಬ ಫಲಕವನ್ನು ಆ ಸಾಲಿನ ಮುಂದೆಯೇ ಹಾಕಬೇಕು. ಮಕ್ಕಳನ್ನು ಕರೆದುಕೊಂಡು ಬರುವವರು ಬಹಳ ಮಂದಿ.

ಎಕ್ಕದ ಚಿಗುರಿನಲ್ಲಿ ಹಳದಿ ಹೇನು ಮುತ್ತಿದಾಗ ಏನು ಮಾಡಬೇಕೆಂಬ ನನ್ನ ಪ್ರಶ್ನೆಗೆ ಅವರು ಔಷಧಿಯ ಡಬ್ಬಿ ತೋರಿಸಲಿಲ್ಲ. ನೀರನ್ನು ರಭಸವಾಗಿ ಹಾಯಿಸಿ ತೊಳೆಯಿರಿ, ಅದಕ್ಕೆ ಮೊದಲು ಎಲೆಯಡಿ ಮೊಟ್ಟೆ ಇದೆಯೇ ನೋಡಿಕೊಳ್ಳಿ, ಉಳಿದ ಹೇನನ್ನು ಗುಲಗಂಜಿ ಹುಳುಗಳು ತಿಂದುಕೊಳ್ಳುತ್ತವೆ ಎಂದರು. ಮುಂಗಾರು ಹಿಡಿಯುವ ಹೊತ್ತಿಗೆ ಹೋದರೆ ಬಳ್ಳಿಗಳ ಹೊಸ ಸಸಿಗಳು ಸಿಗುತ್ತವೆ. ಸೊಗದೆ ಬೇಕಾದವರು ಮಾತ್ರ ಮೊದಲೇ ಹೇಳಿಟ್ಟು, ಬಲಿತ ಗಿಡವನ್ನೇ ಕೇಳಿ ಪಡೆಯುವುದು ಒಳಿತು.