ನ್ಯೂಯಾರ್ಕಿನ ಲ್ಯಾಂಡ್‌ಮಾರ್ಕ್ಸ್ ಕಮಿಷನ್: ಹಳೇ ಕಟ್ಟಡಕ್ಕೆ ಕೈ ಹಾಕುವವರು ಇಲ್ಲಿ ಉತ್ತರ ಕೊಡಬೇಕು

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ನ್ಯೂಯಾರ್ಕಿನಲ್ಲಿ ಪಾರಂಪರಿಕ ಅಂತ ಪಟ್ಟಿಗೆ ಸೇರಿದ ಕಟ್ಟಡದ ಕಿಟಕಿ ಬದಲಾಯಿಸಬೇಕಾ, ಮೇಲೊಂದು ಮಹಡಿ ಎತ್ತಬೇಕಾ, ಅಂಗಡಿಯ ಮುಂಭಾಗ ಒಡೆದು ಹೊಸದು ಮಾಡಬೇಕಾ, ಮೊದಲು ನಗರಾಡಳಿತದ ಲ್ಯಾಂಡ್‌ಮಾರ್ಕ್ಸ್ ಪ್ರಿಸರ್ವೇಷನ್ ಕಮಿಷನ್ ಒಪ್ಪಬೇಕು. ಇಂಥ ಕಟ್ಟಡ, ಜಾಗಗಳು ಆ ಊರಲ್ಲಿ 37,000ಕ್ಕೂ ಜಾಸ್ತಿ ಇವೆ. ಇವರ ಬಹಿರಂಗ ವಿಚಾರಣೆ ಯೂಟ್ಯೂಬ್‌ನಲ್ಲೇ ನೇರವಾಗಿ ಬರುತ್ತದೆ, ಬಿಡುವಾದಾಗ ಕೂತು ನೋಡುತ್ತೇನೆ. ಮೈಸೂರಿನವರು ನೋಡಿದರೆ ಹೊಟ್ಟೆಕಿಚ್ಚಾಗುವುದು ಗ್ಯಾರಂಟಿ.

ಎಲ್ಲ ಅರ್ಜಿಯೂ ವಿಚಾರಣೆಗೆ ಬರುವುದಿಲ್ಲ. ಒಡೆದ ಗಾಜು ಹಾಕಿಸುವುದಕ್ಕೆ, ಇದ್ದ ಬಣ್ಣವನ್ನೇ ಮತ್ತೆ ಬಳಿಯುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ನಿಯಮಕ್ಕೆ ಹೊಂದುವ ಕೆಲಸಗಳಿಗೆ ಸಿಬ್ಬಂದಿಯೇ ಅನುಮತಿ ಕೊಟ್ಟು ಕಳಿಸುತ್ತಾರೆ, ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಅರ್ಜಿಗಳು ಹೀಗೇ ಮುಗಿಯುತ್ತವೆ. ಉಳಿದ ದೊಡ್ಡವು ಮಾತ್ರ 11 ಜನ ಕಮಿಷನರ್‌ಗಳ ಮುಂದೆ ಬರುತ್ತವೆ. ಅವರಲ್ಲಿ ಕನಿಷ್ಠ ಮೂವರು ಆರ್ಕಿಟೆಕ್ಟ್‌ಗಳು, ಒಬ್ಬರು ಇತಿಹಾಸಕಾರರು, ಒಬ್ಬರು ರಿಯಲ್ ಎಸ್ಟೇಟ್‌ನವರು ಇರಲೇಬೇಕು, ಊರಿನ ಐದೂ ಭಾಗದಿಂದ ಒಬ್ಬೊಬ್ಬರಾದರೂ ಇರಬೇಕು.

ನೋಡಬೇಕಾದ್ದು ವಿಚಾರಣೆಯನ್ನೇ. ಮಾಲೀಕರ ಕಡೆಯ ಆರ್ಕಿಟೆಕ್ಟ್ ಬಂದು ನಕ್ಷೆ ತೋರಿಸುತ್ತಾರೆ, ಜೊತೆಗೆ ಕಟ್ಟಡದ ಹಳೇ ಫೋಟೋ. 1940ರ ಆಸುಪಾಸಿನಲ್ಲಿ ನಗರಾಡಳಿತ ತೆರಿಗೆ ಲೆಕ್ಕಕ್ಕಾಗಿ ಊರಿನ ಕಟ್ಟಡಗಳ ಫೋಟೋ ತೆಗೆಸಿತ್ತು. ಆಗ ಅದು ಬರೀ ಕಡತಕ್ಕೆ ಅಂತ ತೆಗೆದದ್ದು. ಈಗ ಬಾಗಿಲ ಮೇಲಿನ ಕಮಾನು ಮೊದಲು ಹೇಗಿತ್ತು, ಕಿಟಕಿಗೆ ಎಷ್ಟು ಗಾಜಿನ ಚೌಕಗಳಿದ್ದವು ಅನ್ನುವುದಕ್ಕೆ ಅದೇ ಸಾಕ್ಷಿ! ಮಹಡಿ ಏರಿಸುವ ಅರ್ಜಿಯಾದರೆ ಇನ್ನೂ ಚೆನ್ನ. ಹೊಸ ಮಹಡಿ ಎಷ್ಟು ಎತ್ತರ, ಎಷ್ಟು ಅಗಲ ಬರುತ್ತದೋ ಅಷ್ಟಕ್ಕೇ ಚಾವಣಿ ಮೇಲೆ ಮರದ ಕಂಬ ನಿಲ್ಲಿಸಿ, ಕಿತ್ತಳೆ ಬಣ್ಣದ ಬಲೆ ಕಟ್ಟಿ, ಬೀದಿಯ ಬೇರೆ ಬೇರೆ ಮೂಲೆಯಲ್ಲಿ ನಿಂತು ಫೋಟೋ ತೆಗೆದು ತರಬೇಕು. ಬೀದಿಯಲ್ಲಿ ನಡೆಯುವವರಿಗೆ ಅದು ಎಷ್ಟು ಕಾಣುತ್ತದೆ ಅನ್ನುವುದು ಆ ಬಲೆಯಲ್ಲೇ ಗೊತ್ತಾಗಿಬಿಡುತ್ತದೆ, ಕಂಪ್ಯೂಟರ್‌ನಲ್ಲಿ ಬಿಡಿಸಿದ ಚೆಂದದ ಚಿತ್ರದ ಆಟ ಇಲ್ಲಿ ನಡೆಯುವುದಿಲ್ಲ.

ಆಮೇಲೆ ಜನ ಮಾತಾಡಬಹುದು. ಯಾರು ಬೇಕಾದರೂ. ಸಾಮಾನ್ಯವಾಗಿ ಮೂರು ನಿಮಿಷ ಸಿಗುತ್ತದೆ. ಪಕ್ಕದ ಮನೆಯವರು, ಪಾರಂಪರಿಕ ಸಂಘದವರು, ಅಪಾರ್ಟ್‌ಮೆಂಟಿನ ಬಾಡಿಗೆದಾರರು ಎಲ್ಲರೂ ಬರುತ್ತಾರೆ. ಕೊನೆಗೆ ಕಮಿಷನರ್‌ಗಳು ಅಲ್ಲೇ, ಎಲ್ಲರೆದುರೇ ಚರ್ಚೆ ಮಾಡುತ್ತಾರೆ. ಸುಮ್ನೆ ಆಗಲ್ಲ ಅಂತ ಕಳಿಸುವುದು ಕಡಿಮೆ. ಎತ್ತರ ಇಳಿಸಿ, ಸ್ವಲ್ಪ ಹಿಂದಕ್ಕೆ ತಗೊಳ್ಳಿ, ಇಟ್ಟಿಗೆ ಬಣ್ಣ ಬದಲಾಯಿಸಿ, ತಿದ್ದಿಕೊಂಡು ಬನ್ನಿ ಅನ್ನುತ್ತಾರೆ. ನನಗೆ ಇಷ್ಟವಾದದ್ದು ಇದೇ. ಯಾಕೆ ಬೇಡ ಅನ್ನುವುದನ್ನು ಬಾಯಿಬಿಟ್ಟು ಹೇಳುತ್ತಾರೆ, ಅದು ದಾಖಲಾಗುತ್ತದೆ.

ಇದೆಲ್ಲ ಪುಕ್ಕಟೆ ಬಂದದ್ದಲ್ಲ. 1963ರಲ್ಲಿ ಪೆನ್ ಸ್ಟೇಷನ್ ಅನ್ನುವ ಹಳೇ ರೈಲು ನಿಲ್ದಾಣ ಕೆಡವಲು ಶುರು ಮಾಡಿದಾಗ ಜನ ಸಂಕಟಪಟ್ಟರು, 1965ರಲ್ಲಿ ಹಳೇ ಕಟ್ಟಡಗಳನ್ನು ಉಳಿಸುವ ಈ ಕಾನೂನು ಬಂತು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ತಲೆಯ ಮೇಲೆ 50 ಮಹಡಿಗೂ ಎತ್ತರದ ಗೋಪುರ ಕಟ್ಟಲು ಹೊರಟವರಿಗೆ ಕಮಿಷನ್ ಬೇಡ ಅಂದಿತು. ರೈಲ್ವೆ ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1978ರಲ್ಲಿ ಸೋತಿತು.

ಹಾಗಾದರೆ ಒಂದು ಸ್ಟಾರ್ ಯಾಕೆ ಕಡಿಮೆ? ಕಟ್ಟಡದ ಒಳಗಿನದಕ್ಕೆ ರಕ್ಷಣೆ ತೀರಾ ಕಡಿಮೆ. ಒಳಾಂಗಣವನ್ನು ಬೇರೆಯಾಗಿ ಪಟ್ಟಿಗೆ ಸೇರಿಸಬೇಕು, ಅದೂ ಸಾರ್ವಜನಿಕರು ಹೋಗಿಬರುವ ಜಾಗವಾದರೆ ಮಾತ್ರ. ಮ್ಯಾಡಿಸನ್ ಅವೆನ್ಯೂದಲ್ಲಿ ಆರ್ಕಿಟೆಕ್ಟ್‌ಗಳಾದ ಫಿಲಿಪ್ ಜಾನ್ಸನ್ ಮತ್ತು ಜಾನ್ ಬರ್ಜಿ ಎಟಿ ಆಂಡ್ ಟಿ ಫೋನ್ ಕಂಪನಿಗೆ ಕಟ್ಟಿದ ಕಟ್ಟಡವನ್ನೇ ನೋಡಿ. 2017ರಲ್ಲಿ ಅದರ ಬುಡದ ಗುಲಾಬಿ ಗ್ರಾನೈಟ್ ಕಿತ್ತು ಗಾಜು ಹಾಕುವ ಯೋಜನೆ ಬಂತು. ಜನ ಬೀದಿಗಿಳಿದರು. 2018ರಲ್ಲಿ ಕಟ್ಟಡ ಪಟ್ಟಿಗೆ ಸೇರಿತು, ಮರುವರ್ಷ ಮಾಲೀಕರು ತಿದ್ದಿದ ನಕ್ಷೆ ತಂದರು, ಕಲ್ಲು ಬಹುಪಾಲು ಉಳಿಯಿತು. ಆದರೆ ಲಾಬಿ? ಪಟ್ಟಿಗೆ ಸೇರಿಸುವ ತೀರ್ಮಾನ ಬರುವ ಮೊದಲೇ ಅದನ್ನು ಒಡೆದಾಗಿತ್ತು. ಆ ಎತ್ತರದ ಲಾಬಿಯನ್ನು ಇನ್ನು ಫೋಟೋದಲ್ಲೇ ನೋಡಬೇಕು. ಇದು ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಇನ್ನೊಂದು ಖರ್ಚಿನ ವಿಷಯ. ದೊಡ್ಡ ಬಿಲ್ಡರ್‌ಗೆ ವಕೀಲರು, ಆರ್ಕಿಟೆಕ್ಟ್ ಎಲ್ಲ ಇರುತ್ತಾರೆ. ತಾತನ ಕಾಲದ ಮನೆಯಲ್ಲಿ ಪಿಂಚಣಿ ಮೇಲೆ ಬದುಕುವವರಿಗೆ ಮರದ ಕಿಟಕಿ ಮಾಡಿಸುವುದೇ ಭಾರ. ಕಡಿಮೆ ಆದಾಯದವರಿಗೆ ಅನುದಾನ ಇದೆ, ಒಳ್ಳೆಯದು, ಆದರೆ ಅದು ಇನ್ನೂ ಜಾಸ್ತಿ ಜನಕ್ಕೆ ತಲುಪಬೇಕು.

ನಮ್ಮ ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ರಿಪೇರಿ ಮಾಡಬೇಕೋ ಕೆಡವಿ ಕಟ್ಟಬೇಕೋ ಅನ್ನುವ ಜಗಳ ಕೋರ್ಟಿಗೇ ಹೋಯಿತು. ಅಲ್ಲಿ ಹೂ ಮಾರುವವರು, ಎದುರಿನ ಅಂಗಡಿಯವರು, ದಿನಾ ತರಕಾರಿಗೆ ಹೋಗುವವರು, ಇಂಜಿನಿಯರುಗಳು ಎಲ್ಲರೂ ಒಂದೇ ಹಾಲ್‌ನಲ್ಲಿ ನಕ್ಷೆ ಮುಂದಿಟ್ಟುಕೊಂಡು ಮೂರು ಮೂರು ನಿಮಿಷ ಮಾತಾಡುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ? ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಒಂದು ಹಾಲ್, ಒಂದು ಮೈಕು, ಒಂದು ಕ್ಯಾಮೆರಾ ಸಾಕು.

ನೋಡುವ ಆಸಕ್ತಿ ಇದ್ದವರಿಗೆ: ವಿಚಾರಣೆ ಸಾಮಾನ್ಯವಾಗಿ ಮಂಗಳವಾರ ನಡೆಯುತ್ತದೆ. ಅವತ್ತಿನ ಪಟ್ಟಿ, ಆರ್ಕಿಟೆಕ್ಟ್‌ಗಳ ನಕ್ಷೆ ಎಲ್ಲ ಮೊದಲೇ ಕಮಿಷನ್ ವೆಬ್‌ಸೈಟಿಗೆ ಬರುತ್ತವೆ. ಮೊದಲ ಸಲವಾದರೆ ಅಂಗಡಿ ಬೋರ್ಡಿನ ಅರ್ಜಿಗಳನ್ನು ಬಿಟ್ಟು ಚಾವಣಿ ಮೇಲೆ ಮಹಡಿ ಏರಿಸುವ ಅರ್ಜಿ ಹುಡುಕಿ. ವಾದ ಬಿಸಿಯೇರುವುದು ಅಲ್ಲೇ.