"ಗ್ರೌಂಡ್‌ಗೆ ಹೋಗಿದ್ದಾಳಾ?" ಅಂತ ಕೇಳಿದರೆ ಹೂಂ ಅನ್ನಬೇಡಿ

ಇಂಗ್ಲೆಂಡಿನಲ್ಲಿರುವ ಕನ್ನಡದವರು, ಅದರಲ್ಲೂ ಟೆರಿಯರ್ ನಾಯಿ ಸಾಕಿರುವವರು, ಊರಿಗೆ ಹೊರಡುವ ಮುಂಚೆ ದಯವಿಟ್ಟು ಇದನ್ನು ಓದಿ. ಬರೆಯೋಕೆ ನನಗೆ ನಾಚಿಕೆ ಆಗುತ್ತಿದೆ. ಮೂರು ಸಲ ಬರೆದು ಅಳಿಸಿದ್ದೇನೆ. ಆದರೆ ನಾವು ದುಡ್ಡು ಕೊಟ್ಟು ನಮ್ಮ ನಾಯಿಯನ್ನು ಬಿಟ್ಟು ಹೋಗಿದ್ದ ಅದೇ ವ್ಯಕ್ತಿ ಈಗಲೂ ಬೇರೆಯವರ ನಾಯಿಗಳನ್ನು ಇಟ್ಟುಕೊಳ್ಳುತ್ತಿದ್ದಾನೆ ಅಂತ ಮೊನ್ನೆ ಗೊತ್ತಾಯಿತು. ಇನ್ನು ಸುಮ್ಮನಿರೋಕೆ ಆಗಲಿಲ್ಲ.

ನಾವಿರುವುದು ಕೆಂಡಲ್ ಹತ್ತಿರ, ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳ ಬುಡದಲ್ಲಿ. ನಮ್ಮ ಬೆಲ್ಲ ಲೇಕ್‌ಲ್ಯಾಂಡ್ ಟೆರಿಯರ್. ನಾಲ್ಕು ವರ್ಷ, ಏಳೂವರೆ ಕೆಜಿ. ಬಣ್ಣ ಅಚ್ಚಿನ ಬೆಲ್ಲದ್ದೇ, ಮಗಳು ಇಟ್ಟ ಹೆಸರು. ಏಪ್ರಿಲ್‌ನಲ್ಲಿ ಅಣ್ಣನ ಮಗಳ ಮದುವೆಗೆ ತಿಪಟೂರಿಗೆ ಹೋಗಬೇಕಿತ್ತು. ಯಾವಾಗಲೂ ಬಿಡುವ ಕೆನಲ್‌ನಲ್ಲಿ ಜಾಗ ಇರಲಿಲ್ಲ. ಆಗ ಪರಿಚಯದವರೊಬ್ಬರು ಈತನ ಬಗ್ಗೆ ಹೇಳಿದರು. ಬೆಟ್ಟದ ಮೇಲೆ ಮನೆ, ಅವನದೇ ಮೂರು ಟೆರಿಯರ್‌ಗಳು, ದಿನಕ್ಕೆ 20 ಪೌಂಡ್. 24 ದಿನಕ್ಕೆ 480 ಪೌಂಡ್ ಮುಂಗಡ ಕೊಟ್ಟೆವು. ಲಸಿಕೆ ಕಾರ್ಡ್, ಊಟದ ಡಬ್ಬಿ, ಅವಳ ಕಂಬಳಿ, ಎಲ್ಲಾ ಕೊಟ್ಟೆವು. ಲೈಸೆನ್ಸ್ ಇದೆಯಾ ಅಂತ ಕೇಳಲಿಲ್ಲ. ಅದು ನನ್ನ ಮೊದಲ ತಪ್ಪು.

ಎರಡನೇ ತಪ್ಪು ಹೇಳೋಕೇ ಕಷ್ಟ. ಆತ ಬೆಲ್ಲನ ಎದೆಯ ಸುತ್ತ ಎರಡೂ ಕೈ ಹಿಡಿದು ಅಳತೆ ನೋಡಿದ. ಬಾಯಿ ಬಿಡಿಸಿ ಹಲ್ಲು ನೋಡಿದ. "ಒಳ್ಳೇ ನಾಯಿ, ಗ್ರೌಂಡ್‌ಗೆ ಹೋಗಿದ್ದಾಳಾ?" ಅಂತ ಕೇಳಿದ. ನಾನು "ಓ, ದಿನಾ ಹೋಗ್ತಾಳೆ, ಅದಂದ್ರೆ ಅವಳಿಗೆ ಪ್ರಾಣ" ಅಂದೆ. ನಮ್ಮ ಮನೆ ಹಿಂದೆ ಮಕ್ಕಳು ಆಡುವ ಗ್ರೌಂಡ್ ಇದೆಯಲ್ಲ, ಅದು ನನ್ನ ತಲೆಯಲ್ಲಿತ್ತು. ಹನ್ನೊಂದು ವರ್ಷ ಇಲ್ಲಿದ್ದೇನೆ. ನಾಯಿ ಗ್ರೌಂಡ್‌ಗೆ ಹೋಗುವುದು ಅಂದರೆ ಇಲ್ಲಿನವರ ಮಾತಿನಲ್ಲಿ ಬೇಟೆಗೆ ನರಿಯ ಬಿಲಕ್ಕೆ ಇಳಿಯುವುದು, ಟೆರಿಯರ್ ತಳಿಯನ್ನು ಬೆಳೆಸಿದ್ದೇ ಆ ಕೆಲಸಕ್ಕೆ ಅಂತ ನನಗೆ ಗೊತ್ತಿರಲಿಲ್ಲ.

ಶುಕ್ರವಾರ ರಾತ್ರಿ ವಾಪಸ್ ಬಂದೆವು. ಶನಿವಾರ ಮಧ್ಯಾಹ್ನ ಫೋನ್. "ವಾಕಿಂಗ್‌ನಲ್ಲಿ ಮೊಲದ ಹಿಂದೆ ಓಡಿದಳು, ಕಲ್ಲಿನ ಸಂದಿಗೆ ಹೋಗಿ ಕೂತಿದ್ದಾಳೆ, ಬರ್ತಾಳೆ, ಗಾಬರಿ ಬೇಡ" ಅಂದ. ನಿದ್ದೆಗಣ್ಣಲ್ಲೇ ಕಾರು ತೆಗೆದೆ. ಜಡಿ ಮಳೆ.

ಆ ಜಾಗ ಹೇಗಿದೆ ಅಂತ ಹೇಳಲೇಬೇಕು. ಕಡಿದಾದ ಬಂಡೆಯ ಬುಡದಲ್ಲಿ, ಮೇಲಿಂದ ಕಾಲಕಾಲಕ್ಕೆ ಉರುಳಿ ಬಿದ್ದ ಕಲ್ಲುಗಳ ರಾಶಿ. ಒಂದೊಂದು ಕಲ್ಲು ಕಾರಿನಷ್ಟು ದೊಡ್ಡದು. ರಾಮನಗರದ ಬಂಡೆಗಳನ್ನು ಒಡೆದು ಗುಡ್ಡೆ ಹಾಕಿದ ಹಾಗೆ. ಇಲ್ಲಿನವರು ಇದಕ್ಕೆ ಬೊರನ್ ಅನ್ನುತ್ತಾರೆ. ಒಳಗೆಲ್ಲಾ ಸಂದಿಗಳು, ಇಳಿಜಾರು, ಕತ್ತಲೆ. ನರಿಗೆ ಒಳಗಿನ ದಾರಿಯೆಲ್ಲಾ ಗೊತ್ತು, ಹೊರಗೆ ಬರೋಕೆ ಹತ್ತು ಬಾಗಿಲು. ನಾಯಿಗೆ ಒಂದೂ ಗೊತ್ತಿಲ್ಲ.

ಬೆಲ್ಲ ಬೊಗಳುವುದು ಕೇಳುತ್ತಿತ್ತು. ಆದರೆ ಎಲ್ಲಿಂದ? ಒಂದು ಸಲ ಕಾಲ ಕೆಳಗೆ, ಒಂದು ಸಲ ಇಪ್ಪತ್ತು ಅಡಿ ಆಚೆ. ಕಲ್ಲಿನೊಳಗೆ ದನಿ ಹಾಗೆ ತಿರುಗುತ್ತದಂತೆ. ಸುದ್ದಿ ತಿಳಿದು ಕೆಳಗಿನ ಕಣಿವೆಯ ನಾಲ್ಕು ಜನ ರೈತರು ಹಾರೆ, ಹಗ್ಗ ಹಿಡಿದು ಬಂದರು. ಕುರಿ ಮರಿ ಹಾಕುವ ಕಾಲ, ಅವರಿಗೆ ನಿದ್ದೆಯೇ ಇಲ್ಲ, ಆದರೂ ಬಂದರು. ಅವರಲ್ಲಿ ಹಿರಿಯರೊಬ್ಬರು ನನಗೆ ಬಿಡಿಸಿ ಹೇಳಿದರು. ಮಣ್ಣಿನ ಬಿಲವಾದರೆ ನಾಯಿ ಎಲ್ಲಿದೆ ಅಂತ ನೋಡಿ ಗುದ್ದಲಿಯಲ್ಲಿ ಅಗೆಯಬಹುದು. ಕಲ್ಲಿನಲ್ಲಿ ಅಗೆಯುವ ಮಾತೇ ಇಲ್ಲ. ನಾಯಿ ಜಾರಿ ಕೆಳಗಿನ ಕಟ್ಟೆಗೆ ಇಳಿದುಬಿಡುತ್ತದೆ, ಒದ್ದೆ ಕಲ್ಲು, ಮತ್ತೆ ಹತ್ತೋಕೆ ಆಗಲ್ಲ. ಒಂದು ಕಲ್ಲು ಮೀಟಿದರೆ ಇನ್ನೊಂದು ಕೂತುಬಿಡುತ್ತದೆ, ಅದು ನಾಯಿಯ ಮೇಲೇ ಕೂರಬಹುದು. ಹಾಗಾಗಿ ಗೇಣು ಗೇಣು ಕೆಲಸ. ಭಾನುವಾರ ಮಧ್ಯಾಹ್ನ ಬೊಗಳುವುದು ನಿಂತಿತು. ಕುಂಯ್‌ಗುಡುವುದು ಮಾತ್ರ. ರಾತ್ರಿ ಅದೂ ಇಲ್ಲ. ನಾನು ಕಲ್ಲಿಗೆ ಕಿವಿ ಇಟ್ಟು ಬೆಲ್ಲ, ಬೆಲ್ಲ ಅಂತ ಕೂಗುತ್ತಿದ್ದೆ. ಕನ್ನಡದಲ್ಲೇ. ಅವಳಿಗೆ ಬರುವುದು ಅದೇ ಭಾಷೆ.

ಸೋಮವಾರ ಬೆಳಗ್ಗೆ ಒಂದು ಚಪ್ಪಡಿ ಸ್ವಲ್ಪ ಸರಿಯಿತು. ಟಾರ್ಚ್ ಬಿಟ್ಟರೆ ಕೆಳಗೆ ಎರಡು ಹಸಿರು ಕಣ್ಣು. ಒಬ್ಬ ಹುಡುಗ ಭುಜದವರೆಗೆ ಕೈ ತೂರಿಸಿ, ಕತ್ತಿನ ಚರ್ಮ ಹಿಡಿದು ಎಳೆದುಕೊಂಡ. ಮೂತಿ ಊದಿ ಎರಡರಷ್ಟಾಗಿತ್ತು. ಮೇಲ್ತುಟಿ ಹರಿದಿತ್ತು, ಒಂದು ಕೋರೆಹಲ್ಲು ಮುರಿದಿತ್ತು. ಮುಂಗಾಲಿನ ಉಗುರುಗಳು ಸವೆದು ರಕ್ತ ಬಂದಿತ್ತು. ಎರಡು ದಿನ ಅದೇ ಕಲ್ಲನ್ನು ಕೆರೆದಿದ್ದಾಳೆ.

ನಾನು ಏನು ಮಾಡಿದೆ ಗೊತ್ತಾ? ಆ ವ್ಯಕ್ತಿಯ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. "ನಿಮಗೂ ತೊಂದರೆ ಆಯ್ತು" ಅಂತ 200 ಪೌಂಡ್ ಕೊಟ್ಟೆ. ತೆಗೆದುಕೊಂಡ. ರೈತರು ಒಂದು ಪೆನ್ನಿಯನ್ನೂ ಮುಟ್ಟಲಿಲ್ಲ. ಇವನು ತೆಗೆದುಕೊಂಡ. ಹಿರಿಯರು ಬೆಲ್ಲನ ಬರಿಯ ಕತ್ತನ್ನು ನೋಡಿ, "ಇವಳಿಗೆ ಕಾಲರ್ ಇರಲಿಲ್ವಾ?" ಅಂದರು. ಒಳಗೆ ಕಿತ್ತುಹೋಗಿರಬೇಕು ಅಂದೆ. ಅವರು ಏನೂ ಹೇಳಲಿಲ್ಲ.

ಸಂಜೆ ಆಸ್ಪತ್ರೆಯಿಂದ ಬಂದ ಮೇಲೆ, ಆತ ವಾಪಸ್ ಕೊಟ್ಟ ಚೀಲವನ್ನು ಹೆಂಡತಿ ಬಿಚ್ಚಿದಳು. ಬಟ್ಟಲು, ಕಂಬಳಿ. ಅದರ ಕೆಳಗೆ ಕೆಂಪು ಕಾಲರ್. ನನ್ನ ಫೋನ್ ನಂಬರಿನ ಬಿಲ್ಲೆ ಅದರಲ್ಲೇ ಇತ್ತು. ಒಂದು ಚುಕ್ಕೆ ಕೆಸರಿಲ್ಲ. ಒಣಗಿದ ಕಾಲರ್. ಮೂರು ದಿನ ಬಿಡದೆ ಮಳೆ ಬಂದಿದೆ, ಕಾಲರ್ ಒಣಗಿದೆ. "ಏನ್ರೀ ಇದು?" ಅಂದಳು. ನನಗೆ ಮಾತೇ ಬರಲಿಲ್ಲ.

ಹಿರಿಯರಿಗೆ ಫೋನ್ ಮಾಡಿದೆ. ಬಿಲಕ್ಕೆ ಬಿಡುವವರು ಕಲ್ಲಿಗೆ ಸಿಕ್ಕಿಕೊಳ್ಳಬಾರದು ಅಂತ ಮೊದಲು ಕಾಲರ್ ಬಿಚ್ಚುತ್ತಾರೆ, ಬುದ್ಧಿ ಇರುವವರು ಸಿಗ್ನಲ್ ಕೊಡುವ ಬೇರೆ ಕಾಲರ್ ಹಾಕಿ ಬಿಡುತ್ತಾರೆ, ಇವನು ಅದನ್ನೂ ಹಾಕಿಲ್ಲ ಅಂದರು. ಆ ಬೆಟ್ಟ ತಾನು ಕುರಿ ಮೇಯಿಸುವ ಜಾಗ, ತನ್ನನ್ನು ಯಾರೂ ಕೇಳಿಲ್ಲ ಅಂತಲೂ ಅಂದರು. ಅಂದರೆ ಅವಳು ಓಡಿಹೋಗಲಿಲ್ಲ. ಕಾಲರ್ ಬಿಚ್ಚಿ, ಸಂದಿಯ ಬಾಯಿಗೆ ಹಿಡಿದು ಬಿಟ್ಟಿದ್ದಾನೆ. ನನ್ನ ನಾಯಿಯನ್ನು. ನಾನು ದುಡ್ಡು ಕೊಟ್ಟು ನೋಡ್ಕೋ ಅಂತ ಬಿಟ್ಟ ನಾಯಿಯನ್ನು.

ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ. ಮೊದಲು, "ಓಡುವಾಗ ಕಾಲರ್ ಕಳಚಿಕೊಂಡಿತು." ಕೆಸರೇ ಇಲ್ಲವಲ್ಲ ಅಂದೆ. ಆಗ, "ನೀವೇ ಹೇಳಿದ್ರಲ್ಲ, ದಿನಾ ಗ್ರೌಂಡ್‌ಗೆ ಹೋಗ್ತಾಳೆ, ಪ್ರಾಣ ಅಂತ." ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಮೊದಲು ತಾನಾಗಿ ಓಡಿದಳು ಅಂದವನು, ಈಗ ನೀವೇ ಹೇಳಿದಿರಿ ಅಂತಾನೆ. ಯಾವುದು ನಿಜ? ಆಮೇಲೆ, "ನರಿ ಕುರಿಮರಿ ತಿಂತಿತ್ತು, ಏನು ಮಾಡಬೇಕಿತ್ತು?" ಕೊನೆಗೆ, "ಟೆರಿಯರ್ ಹುಟ್ಟಿರುವುದೇ ಅದಕ್ಕೆ. ಅವಳು ಖುಷಿಯಿಂದಲೇ ಒಳಗೆ ಹೋದಳು." ಖುಷಿಯಿಂದ ಅಂತೆ.

ಕಾನೂನು ತೆಗೆದು ಓದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಹಂಟಿಂಗ್ ಆಕ್ಟ್ ಇದೆ, 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ನರಿಯ ಹಿಂದೆ ನೆಲದೊಳಗೆ ನಾಯಿ ಬಿಡಲು ಒಂದೇ ಒಂದು ವಿನಾಯಿತಿ, ಅದೂ ಗುಂಡು ಹೊಡೆದು ಬೇಟೆಯಾಡೋಕೆ ಅಂತ ಸಾಕುವ ಹಕ್ಕಿಗಳನ್ನು ಕಾಪಾಡೋಕೆ ಮಾತ್ರ. ಕುರಿಮರಿಗೆ ಆ ವಿನಾಯಿತಿ ಇಲ್ಲ. ಜಾಗ ಬೇರೆಯವರದಾದರೆ ಅವರ ಒಪ್ಪಿಗೆ ಬರಹದಲ್ಲಿ ಕೈಯಲ್ಲಿರಬೇಕು. ಒಂದೇ ನಾಯಿ ಬಿಡಬೇಕು, ಅದಕ್ಕೆ ಗಾಯ ಆಗದ ಹಾಗೆ ನೋಡಿಕೊಳ್ಳಬೇಕು. ಇಷ್ಟೇ ಅಲ್ಲ, ಕಾನೂನು ಮೀರಿದ ಬೇಟೆಗೆ ಗೊತ್ತಿದ್ದೂ ನಾಯಿ ಕೊಟ್ಟರೆ ಒಡೆಯನ ಮೇಲೂ ಕೇಸ್. "ನೀವೇ ಹೇಳಿದ್ರಲ್ಲ" ಅನ್ನುವ ಮಾತು ಎಲ್ಲಿಗೆ ಹೋಗುತ್ತದೆ ಅಂತ ಓದಿದಾಗ ಕೈ ನಡುಗಿತು. ಪೊಲೀಸರಿಗೂ ಕೌನ್ಸಿಲ್‌ಗೂ (ನಮ್ಮ ಪುರಸಭೆ ಇದ್ದ ಹಾಗೆ) ದೂರು ಕೊಟ್ಟಿದ್ದೇನೆ.

ಅಲ್ಲಿಗೂ ಮುಗಿಯಲಿಲ್ಲ. ಮೂರು ವಾರದ ಮೇಲೆ ಬೆಲ್ಲ ಕಿವಿ ಅಂಚು, ಮೊಣಕೈ ಬಿಡದೆ ಕೆರೆಯತೊಡಗಿದಳು. ನರಿಯಿಂದ ಬರುವ ಕಜ್ಜಿ. ಮಗಳ ಎರಡೂ ತೋಳಿನ ಮೇಲೆ ಕೆಂಪು ಗುಳ್ಳೆ ಎದ್ದವು. ನಮ್ಮ ಇನ್ಶೂರೆನ್ಸ್ ಬೇಟೆ ಕೆಲಸದ ಗಾಯಕ್ಕೆ ಬರುವುದಿಲ್ಲ, ಪಾಲಿಸಿಯಲ್ಲಿ ಸಣ್ಣ ಅಕ್ಷರದಲ್ಲಿ ಇದೆ. ಬೆಲ್ಲ ಈಗ ಮಂಚದ ಕೆಳಗೂ ಹೋಗುವುದಿಲ್ಲ. ಮೊದಲು ಅದೇ ಅವಳ ಜಾಗ.

ದುಡ್ಡಿಗೆ ನಾಯಿ ಇಟ್ಟುಕೊಳ್ಳುವವರಿಗೆ ಇಂಗ್ಲೆಂಡಿನಲ್ಲಿ ಕೌನ್ಸಿಲ್ ಲೈಸೆನ್ಸ್ ಬೇಕು, 2018ರಿಂದ ಅದಕ್ಕೆ ಸ್ಟಾರ್ ರೇಟಿಂಗ್ ಕೂಡ ಇದೆ. ಕಾಗದ ತೋರಿಸಿ ಅನ್ನಿ, ಮುಜುಗರ ಪಡಬೇಡಿ. ಬೇಟೆಗೆ, ಬಿಲಕ್ಕೆ ಬಿಡಬಾರದು ಅಂತ ಬರೆಸಿ ಸಹಿ ಹಾಕಿಸಿ. ಬಿಲದಲ್ಲಿ ಹಿಡಿಸುತ್ತದಾ ಅಂತ ಎದೆಯ ಅಳತೆ ನೋಡುವವನ, ಹಲ್ಲು ನೋಡುವವನ ಕೈಗೆ ಕೊಡಬೇಡಿ. ಅರ್ಥ ಆಗದ ಮಾತಿಗೆ ನನ್ನ ಹಾಗೆ ತಲೆ ಆಡಿಸಬೇಡಿ, ಏನು ಹಾಗಂದ್ರೆ ಅಂತ ಅಲ್ಲೇ ಕೇಳಿ.

ಇನ್ನೊಂದು. ಬೆಲ್ಲ ಕಲ್ಲಿನ ಕೆಳಗಿದ್ದ ಆ ಎರಡು ದಿನಕ್ಕೂ ಸೇರಿಸಿ 40 ಪೌಂಡ್ ಬಾಕಿ ಇದೆ ಅಂತ ಆತ ಬಿಲ್ ಕಳಿಸಿದ್ದಾನೆ. ನಾನು ಕೊಟ್ಟಿಲ್ಲ. ನಿನ್ನೆಯೂ ಮೆಸೇಜ್ ಬಂದಿದೆ.