ಆಯಿಲ್ ಮೇಲೆ ಕಣ್ಣಿಡಲು ಹಾಕಿದ ಗೇಜೇ ಆಯಿಲ್ ಚೆಲ್ಲಿಸಿತು

ಬೈಕಿನ ಆಯಿಲ್ ಪ್ರೆಷರ್ ಗೇಜಿನ ಮುಳ್ಳು ಸೊನ್ನೆಗೆ ಬಿತ್ತು. ಗಾಜಿನ ಮೇಲೆ ಬೆರಳಲ್ಲಿ ಎರಡು ಸಲ ತಟ್ಟಿದೆ. ಏಳಲಿಲ್ಲ. "ಮತ್ತೆ ಶುರುವಾಯ್ತು ಇದರ ನಾಟಕ" ಅಂದುಕೊಂಡು ಹಾಗೇ ಓಡಿಸಿದೆ. ಮುಂದಿನ ತಿರುವಿನಲ್ಲಿ ಹಿಂದಿನ ಚಕ್ರ ಸೋಪು ತುಳಿದ ಹಾಗೆ ಪಕ್ಕಕ್ಕೆ ಜಾರಿತು. ಹೇಗೋ ಬೀಳದೆ ಉಳಿದೆ. ನಿಲ್ಲಿಸಿ ನೋಡಿದರೆ ಎಡಗಾಲಿನ ಬೂಟು, ಪ್ಯಾಂಟು, ಹಿಂದಿನ ಟೈರು ಎಲ್ಲ ಆಯಿಲ್. ಇಂಜಿನ್ ಒಳಗಿಂದ ಕಟಕಟ ಅಂತ ಶಬ್ದ. ಆಫ್ ಮಾಡಿದ ಮೇಲೂ ಆ ಶಬ್ದ ಕಿವಿಯಲ್ಲೇ ಉಳಿದುಬಿಟ್ಟಿತು.

ಬೈಕಿಗೆ ಆಯಿಲ್ ಪ್ರೆಷರ್ ಗೇಜು, ಟೆಂಪರೇಚರ್ ಗೇಜು ಹಾಕಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ನಾನು ಹಾಕಿದ ಹಾಗೆ ಹಾಕಬೇಡಿ.

ನನ್ನದು ಹಳೆಯ ಜಪಾನಿ ಬೈಕು, ಎರಡು ಸಿಲಿಂಡರ್, ಏರ್ ಕೂಲ್ಡ್. ಓಡುವುದರಲ್ಲಿ ಏನೂ ತಕರಾರಿರಲಿಲ್ಲ. ಆದರೆ ಬಿಸಿಲಲ್ಲಿ, ಟ್ರಾಫಿಕ್‌ನಲ್ಲಿ ನಿಂತಾಗ ಇಂಜಿನ್ ಒಳಗೆ ಏನಾಗುತ್ತಿದೆಯೋ ಅನ್ನುವ ಚಿಂತೆ. ಕಂಪನಿಯವರು ಕೊಟ್ಟಿರುವುದು ಒಂದು ಕೆಂಪು ಲೈಟು ಮಾತ್ರ. ಸಾಮಾನ್ಯವಾಗಿ ಪ್ರೆಷರ್ 0.2ರಿಂದ 0.5 ಬಾರ್‌ಗೆ (ಬಾರ್ ಅಂದರೆ ಒತ್ತಡದ ಅಳತೆ) ಇಳಿದ ಮೇಲೆ ಅದು ಹತ್ತುತ್ತದೆ. ಅಷ್ಟು ಹೊತ್ತಿಗೆ ಏನು ಉಳಿದಿರುತ್ತದೆ, ಅಲ್ವಾ? ಹೀಗೆ ಯೋಚಿಸಿಯೇ ನಾನು ಎರಡು ಗೇಜುಗಳ ಸೆಟ್ ತಂದೆ. ಅಮೆರಿಕನ್ ಮಾದರಿಯದು. ಚೆನ್ನಾಗಿಯೂ ಕಾಣುತ್ತಿತ್ತು, ಸುಳ್ಳು ಹೇಳುವುದಿಲ್ಲ, ಅರ್ಧ ಆಸೆ ಅದರದ್ದೇ.

ಆಯಿಲ್ ಲೈಟಿನ ಸ್ವಿಚ್ ಇಂಜಿನ್ನಿನ ಹೊರ ಕವಚವಾದ ಕ್ರ್ಯಾಂಕ್‌ಕೇಸಿನಲ್ಲಿ ಕೂತಿರುವ ತೂತಿಗೇ ಹೊಸ ಸೆಂಡರ್ (ಪ್ರೆಷರ್ ಅಳೆದು ವೈರಿನಲ್ಲಿ ಗೇಜಿಗೆ ತಿಳಿಸುವ ಭಾಗ) ಹಾಕುವುದು ಅಂತ ತೀರ್ಮಾನಿಸಿದೆ. ಥ್ರೆಡ್ (ತಿರುಪಿನ ಸುತ್ತು) ಹೊಂದುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿದ್ದೆ. "ಒಂದು ಬೈ ಎಂಟು ಅಂದ್ರೆ ಒಂದು ಬೈ ಎಂಟೇ ಸಾರ್, ಎಲ್ಲದಕ್ಕೂ ಕೂರುತ್ತೆ" ಅಂದರು. ಅದನ್ನು ನಂಬಿದೆ. ಇಡೀ ಕಥೆಯಲ್ಲಿ ನನ್ನ ಮೊದಲ ತಪ್ಪು ಇದು.

ಒಂದು ಬೈ ಎಂಟು ಇಂಚು ಅಂತ ಕರೆಯುವ ಪೈಪ್ ಥ್ರೆಡ್‌ನಲ್ಲಿ ಎರಡು ಜಾತಿ ಇದೆ. ಜಪಾನಿ ಬೈಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬಿಎಸ್‌ಪಿಟಿ, ಅಂದರೆ ಬ್ರಿಟಿಷ್ ಅಳತೆಯದು. ಇಂಚಿಗೆ 28 ಸುತ್ತು, ಥ್ರೆಡ್ ಕೋನ 55 ಡಿಗ್ರಿ. ಅಮೆರಿಕನ್ ಸೆಂಡರ್‌ಗಳಲ್ಲಿ ಬರುವುದು ಎನ್‌ಪಿಟಿ. ಇಂಚಿಗೆ 27 ಸುತ್ತು, ಕೋನ 60 ಡಿಗ್ರಿ. ಹೊರಗಿನ ಅಳತೆಯಲ್ಲೂ ವ್ಯತ್ಯಾಸ: ಬಿಎಸ್‌ಪಿಟಿ ಸುಮಾರು 9.7 ಮಿಲಿಮೀಟರ್, ಎನ್‌ಪಿಟಿ ಸುಮಾರು 10.3. ಕಣ್ಣಿಗೆ ಎರಡೂ ಒಂದೇ. ಇಷ್ಟು ಸಾಲದೆಂಬಂತೆ ಕೆಲವು ಬೈಕುಗಳಲ್ಲಿ ಎಂ10 ಅಂತ 10 ಮಿಲಿಮೀಟರಿನ ಮೂರನೆಯದೂ ಇರುತ್ತದೆ, ಅದೂ ನೋಡಲು ಇವೆರಡರ ಹಾಗೆಯೇ.

ಮೋಸ ಎಲ್ಲಿದೆ ಅಂದರೆ, ಎನ್‌ಪಿಟಿಯನ್ನು ಬಿಎಸ್‌ಪಿಟಿ ತೂತಿಗೆ ಕೊಟ್ಟರೆ ಅದು ಹಿಡಿಯುತ್ತದೆ. ಒಂದೂವರೆ, ಎರಡು ಸುತ್ತು ಕೈಯಲ್ಲೇ ಹೋಗುತ್ತದೆ. ಆಮೇಲೆ ಬಿಗಿ. ತುದಿಗೆ ಸಣ್ಣದಾಗುತ್ತಾ ಹೋಗುವ ಟೇಪರ್ ಥ್ರೆಡ್ ತಾನೆ, ಬಿಗಿಯಾಗಲೇಬೇಕಲ್ಲ ಅಂತ ನಾನು ಸ್ಪ್ಯಾನರ್ ತಗೊಂಡೆ. ಅರ್ಧ ಸುತ್ತು. ಇನ್ನೊಂದು ಅರ್ಧ ಸುತ್ತು. ಆ ಹೊತ್ತಿಗೆ ಕೈಗೆ ಒಂದು ಮೆತ್ತಗಿನ ಅನುಭವ ಬಂತು, ಗಟ್ಟಿ ಬೆಲ್ಲಕ್ಕೆ ಚಾಕು ಇಳಿದ ಹಾಗೆ. ಅಲ್ಯೂಮಿನಿಯಂ ಕೊಯ್ದುಕೊಳ್ಳುತ್ತಿದೆ ಅನ್ನುವುದು ಆಗ ತಲೆಗೆ ಹೋಗಲಿಲ್ಲ. "ಕೂತಿತು" ಅಂದುಕೊಂಡೆ.

ಇನ್ನೂ ಒಂದು ಎಡವಟ್ಟು ಮಾಡಿದ್ದೆ. ಸೆಂಡರ್ ಫ್ರೇಮಿಗೆ ತಾಗುತ್ತಿತ್ತು ಅಂತ ಮಧ್ಯೆ ಒಂದು ಹಿತ್ತಾಳೆ ತುಂಡು ಹಾಕಿದ್ದೆ, ಉದ್ದ ಮಾಡಲು. ಬೈಕಿನ ಸ್ವಿಚ್ ಕಿರುಬೆರಳಷ್ಟು. ಈ ಸೆಂಡರ್ ಒಂದು ನಿಂಬೆಹಣ್ಣಿನಷ್ಟು, ಒಳ್ಳೆ ಭಾರ. ಅದನ್ನು ಹಿತ್ತಾಳೆ ಕಡ್ಡಿಯ ತುದಿಗೆ ನೇತುಹಾಕಿ, ಇಂಜಿನ್‌ಗೆ ಚುಚ್ಚಿ, ಆ ಇಂಜಿನ್ನನ್ನು ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗಿಸಿದರೆ ಏನಾಗುತ್ತದೆ? ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ.

ಸೋರಬಾರದು ಅಂತ ಟೆಫ್ಲಾನ್ ಟೇಪನ್ನು ನಾಲ್ಕು ಸುತ್ತು ಸುತ್ತಿದ್ದೆ. ನಲ್ಲಿಗೆ ಸುತ್ತಿದ ಹಾಗೆ. ಸೋರಲಿಲ್ಲ, ನಿಜ. ಆದರೆ ಒಂದೇ ವೈರ್ ಇರುವ ಸೆಂಡರ್‌ಗೆ ಅರ್ತ್ (ಕರೆಂಟು ವಾಪಸ್ ಹೋಗುವ ದಾರಿ) ಸಿಗುವುದು ಆ ಥ್ರೆಡ್ ಮೂಲಕವೇ. ಟೇಪು ಅದನ್ನು ಅರ್ಧ ಮುಚ್ಚಿಬಿಟ್ಟಿತು. ಅಮೆರಿಕನ್ ಮಾದರಿ ಸೆಂಡರ್ ಸೊನ್ನೆ ಪ್ರೆಷರ್‌ನಲ್ಲಿ 240 ಓಮ್ (ಕರೆಂಟಿಗೆ ಇರುವ ತಡೆಯ ಅಳತೆ), ಪೂರ್ತಿ ಪ್ರೆಷರ್‌ನಲ್ಲಿ 33 ಓಮ್ ತೋರಿಸುತ್ತದೆ. ಅರ್ತ್ ಸರಿಯಾಗಿ ಸಿಗದಿದ್ದರೆ ಓಮ್ ಜಾಸ್ತಿಯಾಗುತ್ತದೆ, ಗೇಜು ಅದನ್ನು ಕಡಿಮೆ ಪ್ರೆಷರ್ ಅಂತ ಓದುತ್ತದೆ. ಅರ್ತ್ ಪೂರ್ತಿ ತಪ್ಪಿದರೆ ಮುಳ್ಳು ಸೊನ್ನೆ.

ನನಗೆ ಆಗಿದ್ದು ಇದೇ. ಮೊದಲ ದಿನ ತಣ್ಣಗಿದ್ದಾಗ 4 ಬಾರ್ ಮೇಲೆ ತೋರಿಸಿತು. ಖುಷಿಯೋ ಖುಷಿ. ಎರಡನೇ ದಿನ ಓಡುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿತ್ತು. ಎದೆ ಧಸಕ್ಕೆಂದಿತು, ಗಾಡಿ ನಿಲ್ಲಿಸಿ ಆಯಿಲ್ ನೋಡಿದೆ, ಲೆವೆಲ್ ಸರಿಯಾಗಿತ್ತು. ತಟ್ಟಿದೆ, ಎದ್ದಿತು. ಮೂರನೇ ಸಲ ನಿಲ್ಲಿಸಲಿಲ್ಲ. ಹತ್ತನೇ ಸಲದ ಹೊತ್ತಿಗೆ ಅದನ್ನು ನೋಡುವುದನ್ನೇ ಬಿಟ್ಟಿದ್ದೆ. ತೋಳ ಬಂತು ತೋಳ ಅಂತ ಕೂಗುತ್ತಿದ್ದ ಹುಡುಗನ ಕಥೆ ನಮಗೆಲ್ಲ ಗೊತ್ತು, ಆ ಹುಡುಗನನ್ನು ನಾನೇ ಹ್ಯಾಂಡಲ್ ಮೇಲೆ ಕೂರಿಸಿಕೊಂಡಿದ್ದೆ.

ಸರಿ, ಗೇಜು ನಂಬುವ ಹಾಗಿಲ್ಲ, ಲೈಟಾದರೂ ಇತ್ತಲ್ಲ ಅಂತ ನೀವು ಕೇಳಬಹುದು. ಇರಲಿಲ್ಲ. ಸ್ವಿಚ್ ಬಿಚ್ಚಿದಾಗಲೇ ಅದರ ವೈರಿಗೆ ಟೇಪು ಸುತ್ತಿ ಒಳಗೆ ತುರುಕಿದ್ದೆ. "ಗೇಜೇ ಇರುವಾಗ ಲೈಟ್ ಯಾಕೆ?" ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಅವತ್ತು ಮುಳ್ಳು ಬಿದ್ದಾಗ ನಾನು ಇನ್ನೊಂದು ಗೇಜನ್ನೂ ನೋಡಿದೆ. ಟೆಂಪರೇಚರ್ 95 ಡಿಗ್ರಿ. ದಿನಾ 105, 110 ಇರುತ್ತಿದ್ದುದು ಅವತ್ತು 95. ಬಿಸಿಯಾಗಿಲ್ಲ ಅಂದ ಮೇಲೆ ಏನೂ ಆಗಿಲ್ಲ ಅಂತ ಲೆಕ್ಕ ಹಾಕಿದೆ. ಇದು ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ, ನನಗೂ ಗೊತ್ತಿರಲಿಲ್ಲ. ನನ್ನ ಟೆಂಪರೇಚರ್ ಸೆಂಡರ್ ಇದ್ದದ್ದು ಆಯಿಲ್ ಬಸಿಯುವ ಡ್ರೇನ್ ಬೋಲ್ಟಿನ ಜಾಗದಲ್ಲಿ, ಆಯಿಲ್ ನಿಲ್ಲುವ ಸಂಪಿನ ತಳದಲ್ಲಿ. ಅದು ಅಳೆಯುವುದು ತನ್ನ ಸುತ್ತ ಇರುವ ಆಯಿಲಿನ ಬಿಸಿಯನ್ನು. ಆಯಿಲೇ ಹೊರಟುಹೋದ ಮೇಲೆ ಅದು ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಬೇರಿಂಗ್ ಸುಡುತ್ತಿದ್ದರೂ ಅದಕ್ಕೆ ಸುದ್ದಿಯೇ ತಲುಪುವುದಿಲ್ಲ. ಆಯಿಲ್ ಖಾಲಿಯಾದಾಗ ಟೆಂಪರೇಚರ್ ಗೇಜು ಏರುತ್ತದೆ ಅಂತ ಕಾಯುತ್ತಾ ಕೂರಬೇಡಿ.

ಗ್ಯಾರೇಜಿನಲ್ಲಿ ಬಿಚ್ಚಿದಾಗ ಹಿತ್ತಾಳೆ ತುಂಡು ಕ್ರ್ಯಾಂಕ್‌ಕೇಸಿನ ಅಂಚಿನಲ್ಲೇ, ಹೊರಗಿನ ಮೊದಲ ಥ್ರೆಡ್‌ನ ಹಳ್ಳದಲ್ಲಿ ಕಚಕ್ಕೆಂದು ಮುರಿದಿತ್ತು. ಮುರಿದ ಮುಖದ ಮುಕ್ಕಾಲು ಭಾಗ ಮಾಸಲು, ಕಾಲು ಭಾಗ ಹೊಸ ಚಿನ್ನದ ಬಣ್ಣ. ಮೆಕ್ಯಾನಿಕ್ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. "ನೋಡಿ ಸಾರ್, ಈ ಮಾಸಲು ಇರೋದು ಹಳೇ ಬಿರುಕು. ದಿನಾ ಸ್ವಲ್ಪ ಸ್ವಲ್ಪ ಬಿಡ್ತಾ ಬಂದಿದೆ. ಈ ಹೊಳೆಯೋದಿದೆಯಲ್ಲ, ಇದಿಷ್ಟೇ ಇವತ್ತು ಮುರಿದಿದ್ದು." ಅಂದರೆ ಎಷ್ಟೋ ದಿನದಿಂದ ನಾನು ಕಾಲು ಭಾಗದ ಹಿತ್ತಾಳೆಯನ್ನು ನಂಬಿಕೊಂಡು ಓಡಾಡುತ್ತಿದ್ದೆ. ಪಂಪು ತಳ್ಳಿದ ಆಯಿಲ್ ಎಲ್ಲ ಬೇರಿಂಗ್‌ಗೆ ಹೋಗುವ ಬದಲು ಆ ತೂತಿನಿಂದ ನೇರ ಹಿಂದಿನ ಟೈರಿಗೆ ಹೋಗಿತ್ತು.

ಒಳಗಿನ ಕಥೆ ಚಿಕ್ಕದಾಗಿ ಹೇಳುತ್ತೇನೆ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಪಿಸ್ಟನ್ನಿನ ರಾಡು ಕ್ರ್ಯಾಂಕನ್ನು (ಇಂಜಿನ್ನಿನ ಮುಖ್ಯ ತಿರುಗುವ ದಂಡ) ಹಿಡಿಯುವ ಕಡೆಯ ಬಿಗ್ ಎಂಡ್ ಬೇರಿಂಗ್ ಶೆಲ್‌ಗಳು ಕ್ರ್ಯಾಂಕಿಗೆ ಅಂಟಿಕೊಂಡಿದ್ದವು. ಕ್ಯಾಮ್‌ಶಾಫ್ಟ್ ಹೆಡ್‌ನ ಅಲ್ಯೂಮಿನಿಯಂ ಮೇಲೆಯೇ ತಿರುಗುವ ಇಂಜಿನ್ ಅದು, ಅಲ್ಲೆಲ್ಲ ಉಗುರಲ್ಲಿ ಗೀರಿದ ಹಾಗೆ ಗೆರೆಗಳು. ಸೆಂಡರ್ ಕೂತಿದ್ದ ತೂತಿನ ಥ್ರೆಡ್ ಹಾಳಾಗಿತ್ತು, ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಆಯಿಲ್ ದಾರಿಯಲ್ಲಿ ಟೆಫ್ಲಾನ್ ಟೇಪಿನ ಬಿಳಿ ಚೂರೂ ಸಿಕ್ಕಿತು.

ಈಗ, ಹಾಕಲೇಬೇಕು ಅನ್ನುವವರಿಗೆ.

ಸೆಂಡರನ್ನು ಇಂಜಿನ್ ಮೇಲೆ ನೇತುಹಾಕಬೇಡಿ. ಇಂಜಿನ್‌ನಿಂದ ಸ್ಟೀಲ್ ಹೆಣಿಗೆಯ ಬಳುಕುವ ಹೋಸ್ ತೆಗೆದು, ಅದರ ಇನ್ನೊಂದು ತುದಿಯನ್ನು ಫ್ರೇಮಿಗೆ ಕ್ಲ್ಯಾಂಪ್ ಮಾಡಿ, ಸೆಂಡರ್ ಅಲ್ಲಿ ಕೂರಲಿ. ಭಾರವೂ ಅಲುಗಾಟವೂ ಇಂಜಿನ್‌ನ ಥ್ರೆಡ್ ಮೇಲೆ ಬೀಳುವುದಿಲ್ಲ. ಫ್ರೇಮಿಗೆ ಹೋದ ಸೆಂಡರ್‌ಗೆ ಬೇರೆ ಅರ್ತ್ ವೈರ್ ಎಳೆಯಲೇಬೇಕು, ಹೋಸನ್ನು ನಂಬಬೇಡಿ. ಅದೇ ತುದಿಗೆ ಒಂದು ಟಿ (ಮೂರು ಬಾಯಿಯ ಜೋಡಣೆ) ಹಾಕಿದರೆ ಬೈಕಿನ ಹಳೆಯ ಸ್ವಿಚ್ಚೂ ಉಳಿಯುತ್ತದೆ. ಆ ಕೆಂಪು ಲೈಟನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಮೂಲೆಗೆ ಕಟ್ಟಿದ ಗೇಜಿನ ಮುಳ್ಳು ಬಿದ್ದಿದ್ದು ಓಡಿಸುವವನಿಗೆ ತಕ್ಷಣ ಕಾಣುವುದಿಲ್ಲ, ಕತ್ತಲಲ್ಲಿ ಹತ್ತಿದ ಕೆಂಪು ಲೈಟ್ ಕಾಣುತ್ತದೆ.

ಥ್ರೆಡ್ ಯಾವುದು ಅಂತ ಸುತ್ತುಗಳ ಅಂತರ ಅಳೆಯುವ ಪಿಚ್ ಗೇಜ್ ಇಟ್ಟು ನೋಡಿ. ಅಂಗಡಿಯವರ ಬಾಯಿಮಾತು ಬೇಡ. ಸರಿಯಾದ ಥ್ರೆಡ್ ಆದರೆ ಕೈಯಲ್ಲೇ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗುತ್ತದೆ. ಒಂದೂವರೆಗೇ ಬಿಗಿಯಾದರೆ ಸ್ಪ್ಯಾನರ್ ಕೆಳಗಿಡಿ. ಬಿಎಸ್‌ಪಿಟಿಯಿಂದ ಎನ್‌ಪಿಟಿಗೆ ಬದಲಾಯಿಸುವ ಅಡಾಪ್ಟರ್ ಸಿಗುತ್ತದೆ, ಹಿತ್ತಾಳೆಯದು ಬೇಡ, ಸ್ಟೀಲಿನದು ತಗೊಳ್ಳಿ. ಟೇಪಿನ ಬದಲು ದ್ರವದ ಥ್ರೆಡ್ ಸೀಲೆಂಟ್, ಅದೂ ತುದಿಯ ಒಂದೆರಡು ಸುತ್ತು ಬಿಟ್ಟು.

ಗೇಜೂ ಸೆಂಡರೂ ಒಂದೇ ಜೋಡಿ ಆಗಿರಬೇಕು. ಯುರೋಪಿಯನ್ ಮಾದರಿಯವು 10ರಿಂದ 180 ಓಮ್, ಪ್ರೆಷರ್ ಏರಿದಂತೆ ಓಮ್ ಏರುತ್ತದೆ. ಅಮೆರಿಕನ್‌ದು ಉಲ್ಟಾ. ಒಂದರ ಗೇಜಿಗೆ ಇನ್ನೊಂದರ ಸೆಂಡರ್ ಕೊಟ್ಟರೆ ಪ್ರೆಷರ್ ಬಿದ್ದಾಗ ಮುಳ್ಳು ಮೇಲೆ ಹೋಗುತ್ತದೆ. ಡ್ರೇನ್ ಬೋಲ್ಟಿನ ಜಾಗಕ್ಕೆ ಸೆಂಡರ್ ಹಾಕುವವರು ಅದು ಕೆಳಗೆ ಎಷ್ಟು ಚಾಚಿದೆ ಅಂತಲೂ ನೋಡಿಕೊಳ್ಳಿ, ಒಂದು ಕಲ್ಲು ಸಾಕು.

ಇನ್ನೊಂದು ಮಾತು. ಎಲ್ಲ ಇಂಜಿನ್‌ಗೂ 4 ಬಾರ್ ಬರುವುದಿಲ್ಲ. ಕ್ರ್ಯಾಂಕ್ ರೋಲರ್ ಬೇರಿಂಗ್ ಮೇಲೆ ತಿರುಗುವ ಇಂಜಿನ್‌ಗಳಲ್ಲಿ ಪ್ರೆಷರ್ ಮೊದಲೇ ತುಂಬ ಕಡಿಮೆ, ಕೆಲವದರಲ್ಲಿ ಒಂದು ಬಾರ್ ಕೂಡ ದಾಟುವುದಿಲ್ಲ. ಅಂಥದ್ದಕ್ಕೆ 7 ಬಾರ್‌ನ ಗೇಜು ಹಾಕಿಕೊಂಡು ಮುಳ್ಳು ಏಳುತ್ತಿಲ್ಲ ಅಂತ ಸುಮ್ನೆ ಗಾಬರಿಯಾಗುವವರಿದ್ದಾರೆ. ಮೊದಲು ಸರ್ವಿಸ್ ಮ್ಯಾನುಯಲ್‌ನಲ್ಲಿ ನಿಮ್ಮ ಬೈಕಿನ ಅಂಕಿ ನೋಡಿ, ಆಮೇಲೆ ಗೇಜು ತಗೊಳ್ಳಿ.

ನನ್ನ ಬೈಕು ಈಗ ಇನ್ನೊಂದು ಕ್ರ್ಯಾಂಕು, ಇನ್ನೊಂದು ಹೆಡ್ಡಿನೊಂದಿಗೆ ಓಡುತ್ತಿದೆ. ತೂತಿಗೆ ವೆಲ್ಡಿಂಗ್ ಮಾಡಿಸಿ ಹೊಸ ಥ್ರೆಡ್ ಹಾಕಿಸಿದ್ದಾಯಿತು, ಹಳೆಯ ಸ್ವಿಚ್ ವಾಪಸ್ ಅಲ್ಲೇ ಕೂತಿದೆ. ಕೀ ತಿರುಗಿಸಿದಾಗ ಕೆಂಪು ಲೈಟ್ ಹತ್ತಿತೇ, ಸ್ಟಾರ್ಟ್ ಆದ ಮೇಲೆ ಆರಿತೇ ಅಂತ ದಿನಾ ನೋಡುತ್ತೇನೆ. ಪ್ರೆಷರ್ ಗೇಜು ಇನ್ನೂ ಹಾಕಿಲ್ಲ. ಹೋಸ್ ಮತ್ತು ಟಿ ತಂದಿಟ್ಟು ಎರಡು ತಿಂಗಳಾಯಿತು.